ಮೂರನೆಯ ಗೂಟ

ಹೋದ ತಿಂಗಳು ಸವದತ್ತಿಯ ಪೇಟೆಯಲ್ಲಿ ಹಗ್ಗ ಮಾರುವ ಅಂಗಡಿಯ ಮುಂದೆ ನಿಂತಿದ್ದೆ. ನನಗೆ ಬೇಕಾಗಿದ್ದದ್ದು ಬಟ್ಟೆ ಒಣಹಾಕಲು ಒಂದು ನೈಲಾನ್ ಹಗ್ಗ. ಅಂಗಡಿಯವರು ಅದನ್ನು ಅಳೆಯುತ್ತಿರುವಾಗ ಮೇಲೆ ಸಾಲಾಗಿ ತೂಗಹಾಕಿದ್ದ ಕರಿ ಉಣ್ಣೆಯ ಗೊಂಡೆಗಳು ಕಂಡವು. ಎತ್ತಿನ ಕೋಡಿಗೆ, ಕೊರಳಿಗೆ ಕಟ್ಟುವ ಗೊಂಡೆಗಳು. ಈಗ ಅವನ್ನು ಹೆಚ್ಚಾಗಿ ಒಯ್ಯುವವರು ಮೋಟರ್ ಸೈಕಲ್ಲಿನವರೇ ಎಂದರು ಅಂಗಡಿಯವರು. ಒಂದನ್ನು ಇಳಿಸಿ ಮೂಗಿನ ಹತ್ತಿರ ಹಿಡಿದೆ. ಕುರಿಯ ಉಣ್ಣೆ, ಅದಕ್ಕೆ ಸವರಿದ ಎಣ್ಣೆ, ಸ್ವಲ್ಪ ಧೂಳು... ನನ್ನ ಹತ್ತಿರ ಎತ್ತಿಲ್ಲ. ಮೋಟರ್ ಸೈಕಲ್ಲನ್ನು ಓಡಿಸುವುದು ಬಿಟ್ಟು ಬಹಳ ದಿನವಾಯಿತು. ಎಲ್ಲಿಗೆ ಹೋಗುವುದಾದರೂ ಬಸ್ಸೇ. ಆದರೂ ಆ ಗೊಂಡೆಯನ್ನು ಕೊಂಡು ಜೇಬಿಗೆ ಹಾಕಿಕೊಂಡೆ.

ಮುನವಳ್ಳಿಯಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇರಲಿಲ್ಲ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಮಕ್ಕಳಿರಲಿಲ್ಲ. ಮಂಡಿನೋವು ಬಂದು ನೇಗಿಲ ಹಿಂದೆ ನಡೆಯುವುದು ಆಗದಾದಾಗ ಕಾಕಾ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರು, ಎತ್ತುಗಳನ್ನು ಮಾರಿದರು, ಆ ದುಡ್ಡಿಗೆ ಕರಿ ಬಣ್ಣದ ಒಂದು ಮೋಟರ್ ಸೈಕಲ್ ತಂದರು. ಹೂಲಿ ಮತ್ತು ಸುತ್ತಲಿನ ಊರುಗಳ ಮನೆಮನೆಗೆ ಹೋಗಿ ಬೆಣ್ಣೆ ಕೊಂಡು ಬೈಲಹೊಂಗಲದ ಮಿಠಾಯಿ ಅಂಗಡಿಗಳಿಗೆ ಮುಟ್ಟಿಸುವುದು ಅವರ ಉದ್ಯೋಗವಾಯಿತು. ಅವರು ಹತ್ತಿರ ಬಂದರೆ ಪೆಟ್ರೋಲು ಮತ್ತು ಬೆಣ್ಣೆ ಎರಡೂ ಕೂಡಿದ ಒಂದು ವಾಸನೆ ಬರುತ್ತಿತ್ತು.

ಎತ್ತು ಮಾರಿದ ದಿನ ನಾನು ಅಲ್ಲೇ ಇದ್ದೆ. ತೊರಗಲ್ಲಿನ ಕಡೆಯವರು ಬಂದಿದ್ದರು. ನಮ್ಮ ಕಡೆ ಎತ್ತು ಕೊಟ್ಟರೂ ಅದರ ಹಗ್ಗ ಕೊಡುವುದಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಹಗ್ಗ ಮನೆಯಲ್ಲೇ ಉಳಿಯಬೇಕು. ಅದೂ ಹೋದರೆ ಮನೆಯ ಭಾಗ್ಯ ಅದರ ಹಿಂದೆಯೇ ನಡೆದುಹೋಗುತ್ತದೆ ಎಂದು ಹಿರಿಯರ ನಂಬಿಕೆ. ಎತ್ತುಗಳು ಓಣಿಯ ತಿರುವು ದಾಟಿದ ಮೇಲೆ ಕಾಕಾ ಒಳಗೆ ಬಂದು ಪಡಸಾಲೆಯ ಗೋಡೆಗೆ ಎರಡು ಗೂಟ ಬಡಿದು ಎರಡೂ ಹಗ್ಗ ತೂಗಹಾಕಿದರು. ಒಂದು ಹಗ್ಗದ ತುದಿಯಲ್ಲಿದ್ದ ಕರಿ ಉಣ್ಣೆಯ ದಾರವನ್ನು ಬಿಚ್ಚಿಟ್ಟುಕೊಂಡು, ಹೊಸ ಗಾಡಿ ಬಂದ ದಿನ ಅದರ ಕೀಲಿಕೈಗೆ ಕಟ್ಟಿದರು.

ಗಾಡಿಯನ್ನು ಅವರು 'ಅಂವ' ಎನ್ನುತ್ತಿದ್ದರು. ಸೋಮವಾರ ಅವನಿಗೆ ಬಿಡುವು. ಬಸವಣ್ಣನ ವಾರ, ಎತ್ತನ್ನು ಹೂಡದ ದಿನ ಗಾಡಿಯನ್ನೂ ಹೂಡುವುದಿಲ್ಲ. ಬೆಳಿಗ್ಗೆ ಅದರ ಮೈ ತೊಳೆದು, ಮುಂದಿನ ದೀಪದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಬೇವಿನ ಗಿಡದ ನೆರಳಿಗೆ ನಿಲ್ಲಿಸುತ್ತಿದ್ದರು. ಎದುರಿನ ಕಟಿಂಗ್ ಅಂಗಡಿಯಲ್ಲಿ ಕೂತವರಿಗೆ ಅದೊಂದು ಮೋಜು.

"ಏನ್ರಿ ಕಾಕಾ, ಎತ್ತ ಮೆಲಕ ಹಾಕಾಕ ಹತ್ತೇತೇನು?"

"ಹತ್ತೇತಿ. ನಿನ್ನಂಗ ದಿನಾ ಕುಂತ ಮೆಲಕ ಹಾಕಂಗಿಲ್ಲ ಅಂವ, ವಾರಕ್ಕೊಮ್ಮೆ ಅಷ್ಟ."

ಕೂತವರು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಅರಿವೆಯಿಂದ ಪೆಟ್ರೋಲಿನ ಟ್ಯಾಂಕು ಒರೆಸುತ್ತಲೇ ಇರುತ್ತಿದ್ದರು.

ಇನ್ನು ಅಪಘಾತದ ದಿನ. ಇದನ್ನು ನಾನು ಪೊಲೀಸರ ಮುಂದೆ ಹೇಳಿದ್ದೇನೆ, ವಿಮೆಯವರ ಮುಂದೆ ಹೇಳಿದ್ದೇನೆ. ಕಂಡಷ್ಟನ್ನೇ ಹೇಳಿದ್ದೇನೆ, ಇಲ್ಲಿಯೂ ಅಷ್ಟನ್ನೇ ಬರೆಯುತ್ತೇನೆ. ಕಾಕುವಿನ ತವರು ಕಿತ್ತೂರು. ಅಲ್ಲಿ ಅವರ ತಮ್ಮನ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಇಬ್ಬರೂ ಕಾಕಾನ ಗಾಡಿಯ ಮೇಲೆ ಹೊರಟರು. ನಾನಾಗ ಬೈಲಹೊಂಗಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ಅಲ್ಲಿಯವರೆಗೆ ದಾರಿ ಒಂದೇ ಎಂದು ನನ್ನ ಗಾಡಿಯಲ್ಲಿ ಅವರ ಹಿಂದೆಯೇ ಹೋಗುತ್ತಿದ್ದೆ. ಬಿಸಿಲು ಚೆನ್ನಾಗಿತ್ತು. ರಸ್ತೆ ಒಣಗಿತ್ತು. ಕಾಕಾ ಜೋರಾಗಿ ಹೋಗುತ್ತಿರಲಿಲ್ಲ. ಹಳ್ಳದ ಸಣ್ಣ ಸೇತುವೆ ಬರುವ ಮೊದಲು ಎಡಗಡೆಯ ಜೋಳದ ಹೊಲದಿಂದ ಒಂದು ಕರು ರಸ್ತೆಗೆ ನೆಗೆಯಿತು. ಕಾಕಾ ಅದನ್ನು ತಪ್ಪಿಸಲು ಬಲಕ್ಕೆ ಎಳೆದರು. ಕಾಕು ಮೊದಲು ಬಿದ್ದರು, ಆಮೇಲೆ ಕಾಕಾ. ಗಾಡಿ ತಾನೊಂದೇ ಮುಂದೆ ಹೋಯಿತು, ಸೇತುವೆಯ ಕಟ್ಟೆಗೆ ಬಡಿದು ಕೆಳಗಿನ ಬಂಡೆಗಳ ಮೇಲೆ ಬಿತ್ತು.

ಕರುವಿಗೆ ಏನೂ ಆಗಿರಲಿಲ್ಲ. ಅದು ರಸ್ತೆಯ ನಡುವೆ ನಿಂತು ನಮ್ಮನ್ನೇ ನೋಡುತ್ತಿತ್ತು. ಕಾಕುವಿನ ಬಲಗಾಲು ಮಂಡಿಯ ಕೆಳಗೆ ಕಾಲು ಇರಬಾರದ ರೀತಿಯಲ್ಲಿ ತಿರುಗಿತ್ತು. ಅವರು ಕೂಗಲಿಲ್ಲ. "ಸೀರಿ ಸರಿ ಮಾಡಪಾ ತಮ್ಮಾ" ಎಂದರು ನನಗೆ. ಈಗಲೂ ಎಂದಾದರೊಮ್ಮೆ ನಿದ್ದೆಯ ಮೊದಲು ಆ ಮಾತು ಕೇಳಿಸುತ್ತದೆ...

ಆಪರೇಶನ್ ಆಯಿತು, ಕಾಲಿಗೆ ರಾಡು ಹಾಕಿದರು. ಕಾಕುವಿನ ಮೈಮೇಲಿದ್ದ ಬಂಗಾರ ಅದಕ್ಕೇ ಹೋಯಿತು. ಕೆಲವು ವಾರ ಕಳೆದು ತೋರಿಸಲು ಹೋದಾಗ ಡಾಕ್ಟರರು ಎಕ್ಸ್‌ರೇ ಹಿಡಿದು ನೋಡಿ, ಎಲುಬು ಓರೆಯಾಗಿ ಕೂಡುತ್ತಿದೆ, ಪೂರಾ ಗಟ್ಟಿಯಾಗುವ ಮೊದಲು ಇನ್ನೊಮ್ಮೆ ಬಿಡಿಸಿ ಕೂಡಿಸಬೇಕು, ತಡಮಾಡಬೇಡಿ ಎಂದರು. ಲಾವಣಿಗೆ ಕೊಟ್ಟ ಹೊಲವನ್ನು ಅವಸರಕ್ಕೆ ಮಾರುವಂತಿರಲಿಲ್ಲ, ಮನೆಯಲ್ಲಿ ಮಾರಲು ಏನೂ ಉಳಿದಿರಲಿಲ್ಲ. ಬೆಣ್ಣೆಯ ಉದ್ಯೋಗವೂ ನಿಂತಿತ್ತು. ಬರುವುದಿದ್ದರೆ ಗಾಡಿಯ ವಿಮೆಯ ದುಡ್ಡೊಂದೇ.

ಕಂಪನಿಯ ಪರವಾಗಿ ನೋಡಲು ಬಂದವರು ಒಳ್ಳೆಯವರು, ಕಾಕಾನಿಗಿಂತ ಚಿಕ್ಕವರು. ಬೇವಿನ ಗಿಡದ ಕೆಳಗೆ ತಂದು ಹಾಕಿದ್ದ ಗಾಡಿಯ ಸುತ್ತ ಸುತ್ತಿ ಫೋಟೋ ತೆಗೆದುಕೊಂಡರು. ರಿಪೇರಿಗೆ ತಗಲುವ ಖರ್ಚು ಗಾಡಿಯ ಬೆಲೆಗಿಂತ ಹೆಚ್ಚು. ಆದ್ದರಿಂದ ಪೂರಾ ನಷ್ಟವೆಂದು ಬರೆಯುತ್ತೇವೆ, ಗಾಡಿಯನ್ನು ನಾವು ಒಯ್ಯುತ್ತೇವೆ, ಅದರ ಬೆಲೆ ನಿಮ್ಮ ಖಾತೆಗೆ ಬರುತ್ತದೆ ಎಂದು ತಿಳಿಸಿ ಹೇಳಿದರು.

"ಒಯ್ದು ಏನ್ ಮಾಡ್ತೀರಿ ಅವನ್ನ?" ಎಂದು ಕಾಕಾ ಕೇಳಿದರು.

"ಮೋಡಕಾ ಅಂಗಡಿಗೆ ಹೋಗತೈತ್ರಿ ಕಾಕಾ. ಒಡದು ಲೋಖಂಡ ಬ್ಯಾರೆ, ತಗಡ ಬ್ಯಾರೆ ಮಾಡ್ತಾರ."

ಕಾಕಾ ಪಡಸಾಲೆಯ ಕಡೆ ನೋಡಿದರು. ಬಾಗಿಲಿನಿಂದ ಕಾಕುವಿನ ಹೊರಸು, ಅದರ ಮೇಲೆ ಎತ್ತರಕ್ಕಿಟ್ಟ ಕಾಲು ಕಾಣುತ್ತಿತ್ತು. "ಒಯ್ರಿ" ಎಂದರು.

ಒಯ್ಯುವ ವ್ಯಾನು ಬಂದದ್ದು ಸೋಮವಾರ. ಕಾಕಾ ಬೆಳಿಗ್ಗೆಯೇ ಆ ಮುರಿದ ಗಾಡಿಯನ್ನು ತೊಳೆದಿದ್ದರು. ಮುಂದಿನ ದೀಪ ಇರಲಿಲ್ಲ. ಅದು ಇದ್ದ ತೂತಿನ ಮೇಲಿನ ತಗಡಿಗೆ ವಿಭೂತಿ ಹಚ್ಚಿದ್ದರು. ವ್ಯಾನಿನವರಿಗೆ ಚಹಾ ಕೊಡಿಸಿ, ನಾಳೆ ಬರಬೇಕೆಂದು ಕೇಳಿಕೊಂಡರು.

"ಮುರದ ಬಿದ್ದ ಗಾಡಿಗೆ ಎಂಥಾ ಸೋಮವಾರರೀ ಯಜಮಾನ್ರ?"

"ಇದ್ದಾಗ ಕೊಟ್ಟೇನಿ. ಹೋಗೂಮುಂದ ಕಸಗೊಳ್ಳಲೇನು?"

ಅವರಿಗೆ ಏನನ್ನಿಸಿತೋ, ಚಹಾ ಕುಡಿದು ಹೋದರು. ಮಂಗಳವಾರ ಬಂದು ಎತ್ತಿ ಹಾಕಿಕೊಂಡರು. ವ್ಯಾನು ಓಣಿಯ ತಿರುವು ದಾಟಿದ ಮೇಲೆ ಕಾಕಾ ಒಳಗೆ ಹೋದದ್ದು, ಗೋಡೆಗೆ ಬಡಿಯುವ ಸಪ್ಪಳ ಕೇಳಿದ್ದು ನನಗೆ ನೆನಪಿದೆ. ಎರಡು ಹಗ್ಗಗಳ ಪಕ್ಕ ಮೂರನೆಯ ಗೂಟ. ಅದಕ್ಕೆ ಕರಿ ಉಣ್ಣೆಯ ದಾರದ ಕೀಲಿಕೈ.

ಆಮೇಲೆ ಬೈಲಹೊಂಗಲದ ವಿಮೆ ಆಫೀಸಿನಿಂದ ಫೋನು ಬಂತು. ಎರಡೂ ಕೀಲಿಕೈ ಕೊಟ್ಟರೆ ಮಾತ್ರ ದುಡ್ಡು ಹೊರಡುತ್ತದೆ. ಕಾಕಾ ಪೆಟ್ಟಿಗೆಯಲ್ಲಿದ್ದ ಇನ್ನೊಂದನ್ನು, ಎಂದೂ ಬಳಸದೆ ಹೊಳೆಯುತ್ತಿದ್ದದ್ದನ್ನು, ಒಯ್ದು ಕೊಟ್ಟರು. ನಾನು ಜೊತೆಗಿದ್ದೆ. ಟೇಬಲ್ಲಿನ ಆಚೆ ಕೂತವರು ಇನ್ನೊಂದು ಎಲ್ಲಿ ಎಂದರು.

"ಓಡದ ಗಾಡಿಗೆ ಎರಡೆರಡ ಚಾವಿ ಯಾಕ್ರಿ?"

"ನಿಯಮ ಐತ್ರಿ. ನಾ ಮಾಡಿದ್ದಲ್ಲ."

ಕಾಕಾ, "ಅದು ಕಳದೈತಿ" ಎಂದರು.

ಹಾಗಾದರೆ ಕಳೆದಿದೆಯೆಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಟ್ಟು ಅದರ ಪ್ರತಿ ತನ್ನಿ ಎಂದರು ಅವರು. ಹಿಂದಿರುಗುವ ಬಸ್ಸಿನಲ್ಲಿ ಕಾಕಾ ನನ್ನ ಕಡೆ ನೋಡದೆ, "ಬಾಯಿಲೆ ಅಂದಬಿಟ್ನಿ ತಮ್ಮಾ. ಸುಳ್ಳ ಬರದ ಸಹಿ ಮಾಡೂದು ನನ್ನ ಕಡಿಂದ ಆಗಂಗಿಲ್ಲ" ಎಂದರು. ಠಾಣೆಗೆ ಹೋಗಲಿಲ್ಲ. ಕೀಲಿಕೈಯನ್ನೂ ಇಳಿಸಲಿಲ್ಲ. ನಾನೊಮ್ಮೆ ಬಿಡಿಸಿ ಹೇಳಿದೆ, ನನ್ನ ತಾಯಿಯೂ ಹೇಳಿದಳು. ಕಾಕಾ ಎಲ್ಲವನ್ನೂ ಕೇಳಿಸಿಕೊಂಡು, "ಎತ್ತ ಹೋದ್ವು. ಅಂವನೂ ಹೋದ. ಇನ್ನ ಹಗ್ಗನೂ ಕೊಟ್ಟಬಿಟ್ರ ಈ ಮನ್ಯಾಗ ಏನ ಉಳೀತು?" ಎಂದರು. ನಾಳೆ ನೋಡೋಣ, ಅಮಾವಾಸ್ಯೆ ಹೋಗಲಿ, ಸುಗ್ಗಿ ಮುಗಿಯಲಿ... ಹೀಗೆ ದಿನ ಹೋದವು.

ಆ ಗೂಟ ಇದ್ದದ್ದು ಕಾಕುವಿನ ಹೊರಸಿನ ಎದುರಿಗೇ. ಕಣ್ಣು ಬಿಟ್ಟರೆ ಅವರಿಗೆ ಅದೇ ಕಾಣಬೇಕು. ಕಾಕು ಆ ವಿಷಯ ಎತ್ತಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಗೋಡೆಯ ಆಚೆಯಿಂದ ಕೇಳಿಸುತ್ತಿದ್ದದ್ದು ಬೇರೆ ಮಾತು. ಕಾಕಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು, ಕಾಕು ಹೊರಸಿನ ಮೇಲಿಂದ, "ಅದೇನ್ ರೊಟ್ಟಿಯೋ ಮಲಪ್ರಭಾ ನಕಾಶೆಯೋ" ಎನ್ನುವುದು, ಕಾಕಾ, "ಉಣ್ಣ ಸುಮ್ನ, ಹೊಟ್ಯಾಗ ಹೋದ ಮ್ಯಾಲ ಗುಂಡಗಾಗತೈತಿ" ಎನ್ನುವುದು.

ಒಂದು ದಿನ ಮುಂಜಾನೆ ಕಾಕು ಗೋಡೆ ಹಿಡಿದು ತಾವೇ ಎದ್ದು ನಿಂತರು. ಸಪ್ಪಳ ಕೇಳಿ ನಾನೂ ನನ್ನ ತಾಯಿಯೂ ಹೋದೆವು. ಎಡಗಾಲು ನೆಲಕ್ಕೆ ಪೂರಾ ಊರಿತ್ತು. ಬಲಗಾಲಿನ ಹಿಮ್ಮಡಿ ನೆಲಕ್ಕೆ ಮುಟ್ಟಲಿಲ್ಲ. ಕಾಕು ಇನ್ನೊಮ್ಮೆ ಒತ್ತಿ ನೋಡಿದರು. ಮುಟ್ಟಲಿಲ್ಲ. ಕಾಕಾ ಒಲೆಯ ಮುಂದಿನಿಂದ ಎದ್ದು ಬಂದು ಹಿಟ್ಟಿನ ಕೈಯಲ್ಲೇ ನಿಂತು ಆ ಹಿಮ್ಮಡಿಯನ್ನು ನೋಡಿದರು. ಆಮೇಲೆ ಕೈ ತೊಳೆದುಕೊಂಡು, ಗೂಟದಿಂದ ಕೀಲಿಕೈ ತೆಗೆದು, "ನಡಿ ತಮ್ಮಾ, ಬಸ್ಸ ಬರೂ ಹೊತ್ತಾತು" ಎಂದರು.

ಆಫೀಸಿನಲ್ಲಿ ಅದನ್ನು ಟೇಬಲ್ಲಿನ ಮೇಲಿಟ್ಟು, "ಕಳದಿದ್ದಿಲ್ಲರಿ. ಸುಳ್ಳ ಹೇಳಿದ್ದೆ" ಎಂದರು. ಟೇಬಲ್ಲಿನವರು ದಾರವನ್ನು ಬಿಚ್ಚಿ ಪಕ್ಕಕ್ಕಿಟ್ಟು ಕೀಲಿಕೈಯನ್ನು ಪಾಕೀಟಿಗೆ ಹಾಕಿದರು. ದಾರ ಟೇಬಲ್ಲಿನ ಮೇಲೆಯೇ ಇತ್ತು. ನಾನು ಕೈ ಚಾಚಿದೆ. ಕಾಕಾ, "ಇರಲಿ ಬಿಡು" ಎಂದು ಹೊರಗೆ ನಡೆದರು.

ದುಡ್ಡು ಬೇಗನೆ ಬಂತು. ಮರುದಿನವೇ ಬಾಡಿಗೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲುಬು ಗಟ್ಟಿಯಾಗಿಬಿಟ್ಟಿದೆ, ಸಕ್ಕರೆ ಕಾಯಿಲೆಯೂ ಇದೆ, ಈಗ ಮತ್ತೆ ಒಡೆದರೆ ಕೂಡುತ್ತದೆಂದು ನಾನು ಹೇಳಲಾರೆ. ಇದ್ದಂತೆ ಬಿಟ್ಟುಬಿಡಿ ಎಂದರು. ಕಾಕಾ ಡಾಕ್ಟರರಿಗೆ ಕೈ ಮುಗಿದರು. ಕಾಕು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಕಾಕಾ ಬಗ್ಗಿ ಎರಡನ್ನೂ ಅವರ ಕಾಲಿಗೆ ಹಾಕಿದರು. ಆ ಬಗ್ಗಿದ ಬೆನ್ನು...

ಆ ದುಡ್ಡಿನಲ್ಲಿ ರಾಮದುರ್ಗದಿಂದ ಒಂದು ಹಳೆಯ ಮೋಟರ್ ಸೈಕಲ್ ಬಂತು. ಬೆಣ್ಣೆಯ ಉದ್ಯೋಗ ಮತ್ತೆ ಶುರುವಾಯಿತು. ಕಾಕಾ ಅದನ್ನು 'ಗಾಡಿ' ಎಂದೇ ಕರೆದರು. ದೀಪಕ್ಕೆ ವಿಭೂತಿ ಹಚ್ಚಲಿಲ್ಲ. ಸೋಮವಾರವೂ ಹೋಗುತ್ತಿದ್ದರು. ಮೊದಲ ಸೋಮವಾರ ಅವರು ಗಾಡಿ ಚಾಲೂ ಮಾಡಿದಾಗ ಕಟಿಂಗ್ ಅಂಗಡಿಯಲ್ಲಿ ಕೂತವರು ಮಾತು ನಿಲ್ಲಿಸಿ ನೋಡಿದರು. ಯಾರೂ ನಗೆಯಾಡಲಿಲ್ಲ. ಹೋದ ಚಳಿಗಾಲದಲ್ಲಿ ಕಾಕಾ ಮಲಗಿದಲ್ಲೇ ತೀರಿಕೊಂಡರು.

ಸವದತ್ತಿಯಿಂದ ಬಂದ ದಿನ ಸಂಜೆ ಕಾಕುವಿನ ಮನೆಗೆ ಹೋದೆ. ಕೋಲು ಊರಿಕೊಂಡು ಓಡಾಡುತ್ತಾರೆ. ಹಿಮ್ಮಡಿ ಈಗಲೂ ನೆಲಕ್ಕೆ ಮುಟ್ಟುವುದಿಲ್ಲ. ಚಹಾಕ್ಕೆ ಇಟ್ಟರು. ನಾನು ಜೇಬಿನಿಂದ ಗೊಂಡೆ ತೆಗೆದು ತೋರಿಸಿದೆ. ಅವರೂ ಅದನ್ನು ಮೂಗಿನ ಹತ್ತಿರ ಹಿಡಿದರು, ತಿರುಗಿ ಕೊಟ್ಟರು. ಗೋಡೆಯ ಮೇಲೆ ಎರಡು ಹಗ್ಗ ಹಾಗೆಯೇ ಇದ್ದವು. ಮೂರನೆಯ ಗೂಟ ಖಾಲಿ ಇತ್ತು. ನಾನು ಯೋಚಿಸದೆ ಗೊಂಡೆಯನ್ನು ಅದಕ್ಕೆ ಹಾಕಲು ಹೋದೆ.

"ಬ್ಯಾಡೋ ತಮ್ಮಾ. ಅದು ಖಾಲಿ ಇರ್ಲಿ."

ಕೈ ಇಳಿಸಿದೆ. ಕಾಕು ಚಹಾ ಸೋಸುತ್ತ, ನನ್ನ ಕಡೆ ನೋಡದೆ ಹೇಳಿದರು:

"ನಾ ಕೇಳಿದ್ರ ಚಾವಿ ಆವತ್ತ ಕೊಟ್ಟಬಿಡ್ತಿದ್ದರು. ನನ್ನ ಮಾತ ಎಂದೂ ತಗದ ಹಾಕಿದವರಲ್ಲ. ಆದ್ರ ಅವರು ತಾವ ಇಳಸಲಿ ಅಂತ ನಾ ದಿನಾ ನೋಡಕೋತ ಮಲಗಿದ್ನಿ. ನಾ ಕೇಳಲಿ ಅಂತ ಅವರು ಕಾದರೇನೋ... ಯಾರ್ ಬಲ್ರು. ಚಹಾ ತಗೊ, ಆರತೈತಿ."

ಚಹಾ ಕುಡಿದೆ. ಗೊಂಡೆ ಈಗ ನನ್ನ ಮೇಜಿನ ಖಾನೆಯಲ್ಲಿದೆ. ಪೆನ್ನು ತೆಗೆಯಲು ಖಾನೆ ಎಳೆದಾಗಲೆಲ್ಲ ಉಣ್ಣೆಯ ಆ ವಾಸನೆ ಬರುತ್ತದೆ. ಅದರಲ್ಲಿ ಪೆಟ್ರೋಲು ಇಲ್ಲ, ಬೆಣ್ಣೆ ಇಲ್ಲ.