ಅಕ್ಕನ ಕೊಡಕ್ಕೆ ನಾನು ಹಾಕದೆ ಬಿಟ್ಟ ಹೆಸರು

ಹೊಸಪೇಟೆಯಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಬಾಗಿಲ ಬಳಿ ಒಂದು ಸ್ಟೂಲು, ಪಾತ್ರೆಗೆ ಹೆಸರು ಕೊರೆಯುವ ಒಂದು ಮಷಿನ್ನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಅದೇ ನನ್ನ ಜಾಗ. ಕಾಗದದ ಮೇಲೆ ನನ್ನ ಅಕ್ಷರ ಕೋಳಿ ಕೆದರಿದಂತೆ, ಸ್ಟೀಲಿನ ಮೇಲೆ ಮುತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾಚಿಕೆಯ ಮಾತು ಮುಂದಿದೆ.

ನಮ್ಮ ಕಡೆ ಮಗಳಿಗೆ ಕೊಡುವ ಪಾತ್ರೆಗೆ ತವರಿನ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಹಾಕಿಸುತ್ತಾರೆ. ಮದುವೆಯಾದ ಮೇಲೆ ಅವಳ ಅಡ್ಡಹೆಸರು ರೇಷನ್ ಕಾರ್ಡಿನಲ್ಲಿ ಬದಲಾಗುತ್ತದೆ, ಆಧಾರ್ ಕಾರ್ಡಿನಲ್ಲಿ ಬದಲಾಗುತ್ತದೆ, ಕಡೆಗೆ ಓಣಿಯವರ ಬಾಯಲ್ಲೂ ಬದಲಾಗುತ್ತದೆ. ಕೊಡದ ಕುತ್ತಿಗೆಯ ಮೇಲಿನದು ಮಾತ್ರ ಹಾಗೇ ಉಳಿಯುತ್ತದೆ. ಅಕ್ಕನಿಗೆ ಸಂಡೂರಿನ ಗಂಡು ಗೊತ್ತಾದಾಗ ಅವಳು ಬಂಗಾರ ಕೇಳಲಿಲ್ಲ, ಸೀರೆಗೆ ಜಗಳ ತೆಗೆಯಲಿಲ್ಲ. ನನ್ನನ್ನು ಕರೆದು ಒಂದೇ ಮಾತು ಹೇಳಿದಳು: "ಎಲ್ಲಾ ಸಾಮಾನಿಗೂ ನಮ್ಮ ಹೆಸರು ನೀನ ಹಾಕಬೇಕು ನೋಡು."

ನಮ್ಮ ಅಡ್ಡಹೆಸರು ಗೂಡ್ಸ್ ರೈಲಿನಷ್ಟು ಉದ್ದ, ಡಬ್ಬಿಗೊಂದು ಒತ್ತಕ್ಷರ. ಭಾವನ ಮನೆಯವರದು ಎರಡೇ ಅಕ್ಷರ, ಒಂದು ಸಲ ಸೀನುವಷ್ಟರಲ್ಲಿ ಮುಗಿಯುತ್ತದೆ. ಇಲ್ಲಿ ಎರಡನ್ನೂ ಬರೆಯುವುದಿಲ್ಲ. ಬರೆದರೆ ಎರಡೂ ಕಡೆಯ ನೆಂಟರು ಜಗಳಕ್ಕೆ ಅಂಗಡಿಗೇ ಬರುತ್ತಾರೆ, ಒಂದು ಚಮಚವನ್ನೂ ಕೊಳ್ಳದೆ ಹೋಗುತ್ತಾರೆ.

ಮದುವೆಯ ಹಿಂದಿನ ದಿನ ಮನೆಯಲ್ಲಿ ನನ್ನೆದುರು ಕೊಡ, ತಂಬಿಗೆ, ಗಂಗಾಳ, ತಪ್ಪೇಲಿಗಳ ರಾಶಿ. ಪಕ್ಕದ ಕೋಣೆಯಲ್ಲಿ ಮೆಹಂದಿ ಹಾಕುವ ಹುಡುಗಿ ಕೂತಿದ್ದಳು. ಒಬ್ಬೊಬ್ಬರ ಕೈಗೇ ಹಚ್ಚಿ ಮುಗಿಸುತ್ತಿದ್ದಳು. ಆಮೇಲೆ ಇರುವುದಿಲ್ಲ, ಕಂಪ್ಲಿಯಲ್ಲಿ ಇನ್ನೊಂದು ಮದುವೆ ಇದೆ ಎಂದು ಅವಳು ಮೊದಲೇ ಹೇಳಿದ್ದಳು. ಹಚ್ಚಿಕೊಂಡರೆ ಮಷಿನ್ನು ಹಿಡಿಯುವಂತಿಲ್ಲ, ಮಷಿನ್ನು ಹಿಡಿದರೆ ಮೆಹಂದಿ ಇಲ್ಲ. ನಾನು ರಾಶಿ ನೋಡಿದೆ, ನನ್ನ ಬರಿ ಅಂಗೈ ನೋಡಿದೆ, ಎಲ್ಲಕ್ಕೂ ಭಾವನ ಮನೆಯ ಆ ಎರಡಕ್ಷರ ಕೊರೆದು ಮೆಹಂದಿಗೆ ಎದ್ದೆ.

ಮರುದಿನ ಕೊಡ ನೋಡಿದ ಅಕ್ಕನ ಮುಖ ಸಪ್ಪಗಾಯಿತು. ನನಗೆ ಸುಳ್ಳು ಹುಡುಕುವ ಕಷ್ಟವೇ ಆಗಲಿಲ್ಲ, ಅದಾಗಿಯೇ ನಾಲಿಗೆಗೆ ಬಂತು. "ನಿಮ್ಮತ್ತಿ ಫೋನ್ ಮಾಡಿದ್ರು. ನಮ್ಮ ಮನಿಗೆ ಬರೋ ಸಾಮಾನಿಗೆ ನಮ್ಮ ಹೆಸರ ಇರಬೇಕು ಅಂದ್ರು."

ಅಕ್ಕ ಕೊಡದ ಹೆಸರನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ತಾಳಿ ಕಟ್ಟಿಸಿಕೊಳ್ಳುವ ದಿನ ಏನು ಅನ್ನುತ್ತಾಳೆ?

ಆಮೇಲೆ ತವರಿಗೆ ಬಂದಾಗಲೆಲ್ಲ ಅತ್ತೆಯ ಸುದ್ದಿ ಹೇಳುತ್ತಿದ್ದಳು. ಮೊದಲ ಬಿಸಿ ರೊಟ್ಟಿ ಸೊಸೆಗೇ ಹಾಕುತ್ತಾಳಂತೆ, ತಲೆಗೆ ಎಣ್ಣೆ ಹಚ್ಚುತ್ತಾಳಂತೆ. "ಮಾಡಿದ್ದು ಚುಚ್ಚತೈತಿ ಆಕಿಗೆ. ಅದಕ್ಕ ಬೆಣ್ಣಿ ಹಚ್ಚತಾಳ," ಎನ್ನುತ್ತಿದ್ದಳು. ಅತ್ತೆಯ ಜೊತೆ ಬೇಕಾದಷ್ಟೇ ಮಾತು, ಬಾಯಿ ತುಂಬ ಕರೆಯುವುದಿಲ್ಲ. ನಾನು ತಲೆ ತಗ್ಗಿಸಿ ಊಟ ಮಾಡುತ್ತಿದ್ದೆ. ಕಬ್ಬಿಣವಾಗಿದ್ದರೆ ಅಕ್ಷರ ತುಕ್ಕು ಹಿಡಿದು ಹೋಗಿರುತ್ತಿತ್ತು. ಒಳ್ಳೆ ಸ್ಟೀಲು, ಅಪ್ಪನ ಗ್ಯಾರಂಟಿ.

ಹೋದ ವರ್ಷ ದೀಪಾವಳಿಗೆ ಮುಂಚೆ ಆ ಅತ್ತೆ ಒಬ್ಬರೇ ನಮ್ಮ ಅಂಗಡಿಗೆ ಬಂದರು. ಚೀಲದಿಂದ ಒಂದು ಹಿತ್ತಾಳೆ ತಂಬಿಗೆ ತೆಗೆದರು. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದರ ಹೆಸರು ಸವೆದುಹೋಗಿತ್ತು, ಮತ್ತೆ ಹಾಕಿಕೊಡು ಅಂದರು. ನಾನು ಆ ಎರಡಕ್ಷರಕ್ಕೆ ಮಷಿನ್ನು ಹಿಡಿದೆ.

"ಅದಲ್ಲ ತಂಗಿ. ನನ್ನ ತವರದು."

ತಮ್ಮ ತವರಿನ ಅಡ್ಡಹೆಸರನ್ನು ಯಾರನ್ನೋ ಕೂಗಿ ಕರೆಯುವಂತೆ ನಿಧಾನವಾಗಿ ಹೇಳಿದರು. ನಾನು ಕೊರೆಯುತ್ತಿರುವಾಗ ತಮ್ಮಷ್ಟಕ್ಕೇ ಮಾತಾಡಿಕೊಂಡರು. "ನನಗ ಈ ವಯಸ್ಸಿನ್ಯಾಗೂ ಇದನ್ನ ಬಿಡಾಕ ಆಗಿಲ್ಲ. ನಿಮ್ಮಕ್ಕನ್ನ ನೋಡು, ಕೊರಳಿಗೆ ತಾಳಿ ಬೀಳೂದಕ್ಕಿಂತ ಮೊದ್ಲ ನಮ್ಮ ಹೆಸರು ಹಾಕಿಸ್ಕೊಂಡು ಬಂದ್ಲು. ಓಣಿ ತುಂಬ ಹೇಳೀನಿ. ಆದ್ರ ಯಾಕೋ, ಒಂದಿನಾನೂ ನನ್ನ ಅವ್ವಾ ಅನ್ನವಲ್ಲಳು."

ಕೊನೆಯ ಅಕ್ಷರಕ್ಕೆ ಇಲ್ಲದ ಬಾಲ ಬಂತು.

ಭಾನುವಾರ ಮಷಿನ್ನನ್ನು ಚೀಲಕ್ಕೆ ಹಾಕಿಕೊಂಡು ಸಂಡೂರಿನ ಬಸ್ಸು ಹತ್ತಿದೆ. ಅದಿರು ಲಾರಿಗಳ ಹಿಂದೆ ಬಸ್ಸು ತೆವಳಿದ್ದರಿಂದ ಮಾತು ಜೋಡಿಸಲು ಬೇಕಾದಷ್ಟು ಹೊತ್ತಿತ್ತು. ನಾನು ಮುಟ್ಟಿದಾಗ ಅತ್ತೆ ಗುಡಿಗೆ ಹೋಗಿದ್ದರು. ಅಡಿಗೆಮನೆಯಲ್ಲಿ ನಿಂತು ಅಕ್ಕನಿಗೆ ಎಲ್ಲ ಹೇಳಿದೆ, ಮೆಹಂದಿಯನ್ನೂ.

ಅಕ್ಕ ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. "ಚಲೋ ಕೆಂಪಾಗಿತ್ತೇನು?"

"ಇಲ್ಲ. ಬಣ್ಣ ಏರಲೇ ಇಲ್ಲ."

ಒದ್ದೆ ಮಸಿಬಟ್ಟೆ ನೆಟ್ಟಗೆ ನನ್ನ ಮುಖಕ್ಕೆ ಬಂತು. ಅದನ್ನು ತೆಗೆದು ನೋಡಿದರೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ನಗುತ್ತಿರಲಿಲ್ಲ. ಇಷ್ಟು ವರ್ಷ ಅತ್ತೆ ಹಾಕಿದ ಮೊದಲ ರೊಟ್ಟಿ ತಿಂದು ಆಕೆಯನ್ನೇ ಬೈದೆನಲ್ಲ ಅಂದಳು. ಆಮೇಲೆ ಎದ್ದು ಅಟ್ಟದಿಂದ ಪಾತ್ರೆಗಳನ್ನೆಲ್ಲ ಇಳಿಸಿ ನನ್ನ ಮುಂದೆ ಪೇರಿಸಿದಳು. ತವರಿನ ಪೂರ್ತಿ ಹೆಸರು, ಒಂದು ಒತ್ತೂ ಬಿಡಂಗಿಲ್ಲ ಎಂದು ಅಪ್ಪಣೆಯಾಯಿತು.

ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ಕಾಲು ಮೆಟ್ಟಿದಳು.

"ಅವ್ವಾ, ನಿಮ್ಮ ತಂಬಿಗಿ ನೋಡಿ ನನಗೂ ಆಸೆ ಆತು. ನಿಮ್ಮ ಹೆಸರಿನ ಮಗ್ಗಲಕ್ಕ ನಮ್ಮ ತವರದೂ ಇರ್ಲೇನ್ರಿ?"

ಅತ್ತೆ ಹೂವಿನ ಪೊಟ್ಟಣ ಹಿಡಿದುಕೊಂಡೇ ನಿಂತರು. ಆಮೇಲೆ ಚಾಪೆ ಹಾಸಿ, ಕನ್ನಡಕ ಏರಿಸಿ ನನ್ನ ಪಕ್ಕದಲ್ಲೇ ಕೂತರು. ಒತ್ತು ಸಣ್ಣದಾದರೆ ಬೆರಳಿಟ್ಟು ತೋರಿಸುತ್ತಿದ್ದರು.

ಸಂಜೆಗೆ ನನ್ನ ಬೆರಳು ಮರಗಟ್ಟಿದ್ದವು, ಒಂದು ತಪ್ಪೇಲಿ ಉಳಿದಿತ್ತು. ಒಲೆಯಿಂದ ಇಳಿದ ಮೊದಲ ರೊಟ್ಟಿಯನ್ನು ಅಕ್ಕ ಅತ್ತೆಯ ಗಂಗಾಳಕ್ಕೆ ಹಾಕಿದಳು. ಎರಡನೆಯದನ್ನು ತಾನು ಹಾಕಿಕೊಂಡಳು. ನಾನು ಕೈ ಚಾಚಿದೆ. ಅವಳು ಕಣ್ಣಲ್ಲೇ ತಪ್ಪೇಲಿ ತೋರಿಸಿದಳು.