ಉದ್ದವ್ವನ ಕವಣೆ

ಧುಪದಾಳದ ಒಡ್ಡಿನ ಹಿನ್ನೀರಿಗೆ ಅಂಟಿಕೊಂಡಿದ್ದ ನಮ್ಮ ಕಾಕಾ ದುಂಡಪ್ಪನ ಹೊಲದಲ್ಲಿ ಇಪ್ಪತ್ತೆರಡು ವರ್ಷ ಹಕ್ಕಿ ಕಾದವಳು ಉದ್ದವ್ವ. ಸುಗ್ಗಿಗೆ ಮೂರು ಚೀಲ ಜೋಳ, ವರ್ಷಕ್ಕೊಂದು ಸೀರೆ. ಗಂಡ, ಮಕ್ಕಳು ಯಾರೂ ಇಲ್ಲದ ಆಕೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಆಕೆಗೆ ಪಂಚಾಂಗ ಬೇಕಿರಲಿಲ್ಲ. ಮಳೆಗಾಲದಲ್ಲಿ ಜಾಲಿಮರದ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿಗಳು ಆಕೆಯ ಬಾಯಲ್ಲಿ ಬಾಣಂತಿಯರು. ಗೋವಿನಜೋಳ ಹಾಲುಗಾಳಾದಾಗ ಬೀಳುವ ಗಿಳಿಗಳು ಕಳ್ಳರು. ದೀಪಾವಳಿ ಕಳೆದ ಮೇಲೆ ಬಡಗಣದಿಂದ ಸಾಲುಗಟ್ಟಿ ಬರುವ ಉದ್ದ ಕೊರಳಿನ ಬೂದು ಕೊಕ್ಕರೆಗಳು ಮಾತ್ರ ಬೀಗರು. "ಹೇಳದ ಬರ್ತಾರ, ಎಷ್ಟ ಉಂಡ್ರೂ ಸಾಲೂದಿಲ್ಲ, ಹೋಗ್ರಿ ಅಂದ್ರ ಹೋಗೂದಿಲ್ಲ" ಎನ್ನುತ್ತಿದ್ದಳು. ಯುಗಾದಿಯ ಹೊತ್ತಿಗೆ ಅವು ಹೊರಟುಹೋದರೆ, ಬೇಸಿಗೆ ಪೂರ್ತಿ ಬೈಯಲು ಯಾರೂ ಸಿಗದೆ ನಮ್ಮನ್ನು ಬೈಯುತ್ತಿದ್ದಳು.

ಕವಣೆ ಬೀಸಿದರೆ ನೂರು ಹೆಜ್ಜೆ ಆಚೆಯ ಮಡಕೆ ಒಡೆಯುತ್ತಿತ್ತು. ಆದರೂ ಇಪ್ಪತ್ತೆರಡು ವರ್ಷದಲ್ಲಿ ಆಕೆಯ ಕಲ್ಲು ಒಂದು ಹಕ್ಕಿಗೂ ತಾಗಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಓಡ್ಸು ಅಂದಾರ, ಕೊಲ್ಲು ಅಂದಿಲ್ಲ" ಎಂದಳು.

೧೯೩೭ರ ಸಂಕ್ರಮಣದ ಮರುವಾರ ಬೆಳಗಾವಿಯಿಂದ ಒಬ್ಬ ಸಾಹೇಬ ಬಂದೂಕು ಹಿಡಿದು ಬಂದ. ಗುಂಡು ಯಾವ ತುದಿಯಿಂದ ಹೊರಬೀಳುತ್ತದೆಂದು ತಿಳಿಯದ ನಮ್ಮ ಕಾಕಾನಿಗೂ ಬಂದೂಕಿನ ಲೈಸೆನ್ಸಿನ ಹುಚ್ಚು ಹಿಡಿದಿತ್ತು. ಸಾಹೇಬನ ಕೈಯಿಂದ ನಾಲ್ಕು ಕೊಕ್ಕರೆ ಬಿದ್ದರೆ ಆತ ಖುಷಿಯಾಗಿ ಲೈಸೆನ್ಸ್ ಕೊಡಿಸಿದಂತೆಯೇ ಎಂದು ನಂಬಿದ್ದ.

"ಉದ್ದವ್ವಾ, ಇವತ್ತ ಸುಮ್ನ ಕುಂದ್ರು. ಕವಣಿ ಮುಟ್ಟಿದಿ ಅಂದ್ರ ನಾಳಿಂದ ಹೊಲಕ್ಕ ಬರಬ್ಯಾಡ" ಎಂದ.

"ಆತ್ರಿ ಗೌಡ್ರ" ಎಂದಳು ಉದ್ದವ್ವ.

ಬಿಸಿಲೇರುವ ಹೊತ್ತಿಗೆ ಕೊಕ್ಕರೆಗಳು ಕಡಲೆ ಬೆಳೆಗೆ ಇಳಿದವು. ಬೇಲಿಯ ಮರೆಯಲ್ಲಿ ಸಾಹೇಬ, ಕಾಕಾ, ನಾನು. ಸಾಹೇಬ ಬಂದೂಕು ಎತ್ತಿದ. ಅಷ್ಟರಲ್ಲಿ ಉದ್ದವ್ವ ಹೊಲದ ನಡುವಿನ ಕಾವಲಿನ ಅಟ್ಟದ ಮೇಲೆ ಎದ್ದು ನಿಂತಳು. "ಹಾಳಾಗಿ ಹೋಗ್ರಿ, ಹೊಟ್ಟಿಬಾಕರ್ಯಾ" ಎಂದು ಕೂಗಿ ಕವಣೆ ಬೀಸಿದಳು. ಕಲ್ಲು ಹಿಂಡಿನ ಮುಂದೆ ಬಿತ್ತು, ಹಿಂಡು ಎದ್ದಿತು. ಗುಂಡು ಬರೀ ಆಕಾಶಕ್ಕೆ ಹೋಯಿತು.

"ನಿನಗ ಹೇಳಿದ್ದಿಲ್ಲೇನು?" ಎಂದ ಕಾಕಾ.

"ಹೇಳಿದ್ರಿ. ಕಾಳ ತಿನ್ನಾಕತ್ತಿದ್ವು. ನನ್ನ ಕಾಯಾಕ ಇಟ್ಟೀರಿ."

ನಮ್ಮ ಕಾಕಾ ಆಡಿದ ಮಾತು ನಡೆಸಿಕೊಟ್ಟದ್ದು ಅದೊಂದೇ ಸಲ. ಉದ್ದವ್ವನ ಕೆಲಸ ಹೋಯಿತು. ಇಪ್ಪತ್ತು ವರ್ಷದ ಗಂಡಸು ನಾನು, ಕಾಕಾನ ಮನೆಯ ಅನ್ನ ಉಣ್ಣುತ್ತಿದ್ದೆ, ಬಾಯಿ ಬಿಡಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಕೆ ಘಟಪ್ರಭಾ ಊರಿಗೆ ಹೋಗಿ ಶೇಂಗಾ ಒಡೆಯುವ ಕೂಲಿಗೆ ಸೇರಿದಳು. ಮುಂದಿನ ದೀಪಾವಳಿ ಕಳೆದು ಎಂಟು ದಿನಕ್ಕೆ ನಸುಕಿನಲ್ಲಿ ಒಡ್ಡಿನ ಮೇಲೆ ಸಿಕ್ಕಳು. ಕತ್ತಲಲ್ಲೇ ನಡೆದು ಬಂದಿದ್ದಳು. ಕೈಯಲ್ಲಿ ಕವಣೆ ಇರಲಿಲ್ಲ.

"ಕೂಲಿ ಬಿಟ್ಟು ಯಾಕ ಬಂದಿ, ಆಯಿ?"

"ಬಯ್ಯಾಕ ಬಂದೇನಿ."

ಹೊತ್ತು ಮೂಡಿದ ಮೇಲೆ ಬಡಗಣದಿಂದ ಕೊಕ್ಕರೆಗಳ ಸಾಲು ಬಂತು. ನಮ್ಮ ತಲೆಯ ಮೇಲೆ ಹಾದು ನೀರಿನ ಅಂಚಿಗೆ ಇಳಿಯಿತು. ಉದ್ದವ್ವ ಮನೆಗೆ ಬೀಗರು ಬಂದಾಗ ಮಾಡುವಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬೈಯಲಿಲ್ಲ.