ಆರನೆಯ ಕೈ

ನಮ್ಮಪ್ಪ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮನೆಗೆ ಬರುತ್ತಿದ್ದದ್ದು ಇಂಗ್ಲಿಷ್ ಪತ್ರಿಕೆ, ಅಮ್ಮನಿಗೆ ಇಂಗ್ಲಿಷ್ ಬಾರದು. ಅದಕ್ಕೇ ಅಪ್ಪ ಬೆಳಗಿನ ಕಾಫಿ ಕುಡಿಯುತ್ತ ಒಂದೊಂದೇ ಸುದ್ದಿಯನ್ನು ಕನ್ನಡದಲ್ಲಿ ಹೇಳಿ, ಕೊನೆಗೆ ತಮ್ಮ ತೀರ್ಪನ್ನೂ ಸೇರಿಸುತ್ತಿದ್ದರು. ಆ ಮಂತ್ರಿ ರಾಜೀನಾಮೆ ಕೊಡಬೇಕಿತ್ತು, ಈ ಆಟಗಾರನನ್ನು ಟೀಮಿಂದ ತೆಗೆಯಬೇಕಿತ್ತು, ಹೀಗೆ. ಮೈಸೂರು ಕಡೆಯಿಂದ ಬಂದು, ಮದರಾಸಿನ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದವರು. ಮಾಂಬಲಂನ ನಮ್ಮ ಬಾಡಿಗೆ ಮನೆಯಲ್ಲಿ ಅವರ ದನಿ ಕೇಳದ ಬೆಳಗೇ ಇರಲಿಲ್ಲ.

ಐವತ್ತರ ದಶಕದ ನಡುವೆ, ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, ಊರಿನಲ್ಲಿ ಒಂದು ಕೊಲೆಯಾಯಿತು. ಔಷಧಿ ಅಂಗಡಿ ಇಟ್ಟಿದ್ದ ಒಬ್ಬ ಮನುಷ್ಯ ಕಾಣೆಯಾದ. ಕೆಲವು ವಾರಗಳ ಮೇಲೆ ಅವನ ಹೆಣ ಊರಾಚೆಯ ಪಾಳುಬಾವಿಯಲ್ಲಿ ಸಿಕ್ಕಿತು. ಅವನ ಮನೆಯ ಹಿಂಬದಿ ಕೋಣೆಯಲ್ಲಿ ಬಾಡಿಗೆಗಿದ್ದ ಯುವಕ ತಾನೇ ಹೊಡೆದು ಕೊಂದದ್ದಾಗಿ ಒಪ್ಪಿಕೊಂಡ. ಅಷ್ಟಕ್ಕೇ ನಿಂತಿದ್ದರೆ ಜನ ಮರೆಯುತ್ತಿದ್ದರೋ ಏನೋ. ಆದರೆ ಸತ್ತವನ ಹೆಂಡತಿಯನ್ನೂ ಹಿಡಿದರು. ಗಂಡ ಬೆಂಗಳೂರಿಗೆ ಹೋಗಿದ್ದಾರೆ ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿದ್ದಳು. ಕೊಲೆಯಾದ ಮಾರನೆಯ ಬೆಳಿಗ್ಗೆ ಹಜಾರದ ನೆಲವನ್ನು ನೀರು ಹುಯ್ದು ತೊಳೆದಿದ್ದಳು. ಬಾಡಿಗೆಯವನು ಹೇಳಿದ್ದನ್ನು ನಂಬಿ ಹಾಗೆಂದೆ, ನನಗೆ ಬೇರೇನೂ ಗೊತ್ತಿರಲಿಲ್ಲ ಎನ್ನುವುದು ಅವಳ ಮಾತು. ಆ ಮಾತನ್ನು ನಂಬಿದವರು ಯಾರೂ ಇರಲಿಲ್ಲ. ಬೊಂಬಾಯಿ, ಕಲ್ಕತ್ತೆಯ ಪತ್ರಿಕೆಗಳಲ್ಲೂ ಅವಳ ಫೋಟೋ ಬಂತು. ನಮ್ಮ ದೊಡ್ಡಮ್ಮ ಮೈಸೂರಿನಿಂದ ಕಾಗದ ಬರೆದು, ಆ ಹೆಂಗಸಿನ ವಿಷಯ ಏನಾಯಿತು ಎಂದು ವಿಚಾರಿಸಿದ್ದರು.

ಅಪ್ಪನಂತೂ ಕಾಫಿ ಲೋಟ ಕೆಳಗಿಡುವ ಮೊದಲೇ ಅವಳನ್ನು ಗಲ್ಲಿಗೆ ಹಾಕಿ ಮುಗಿಸಿದ್ದರು.

ನಾನೂ ಕಡಿಮೆಯಿರಲಿಲ್ಲ. ಎಲೆಕ್ಟ್ರಿಕ್ ರೈಲಿನಲ್ಲಿ ಕೊಲೆಯ ಹಾಡು ಕಟ್ಟಿ ಹಾಡುತ್ತ, ಅದರ ಪುಟ್ಟ ಪುಸ್ತಕ ಮಾರುವವರು ಬರುತ್ತಿದ್ದರು. ತಮಿಳಿನಲ್ಲಿ ಅದನ್ನು ಕೊಲೈಚಿಂದು ಎನ್ನುತ್ತಾರೆ. ಈ ಕೊಲೆಯದೂ ಬಂದಿತ್ತು. ಮುಖಪುಟದಲ್ಲಿ ಅವಳಿಗೆ ಕೋರೆಹಲ್ಲು ಬರೆದಿದ್ದರು. ಅದನ್ನು ಜಾಮಿಟ್ರಿ ಪುಸ್ತಕದೊಳಗೆ ಇಟ್ಟುಕೊಂಡು ಕ್ಲಾಸಿನಲ್ಲಿ ಗೆಳತಿಯರಿಗೆ ಓದಿ ಹೇಳಿದವಳು ನಾನು.

ಒಂದು ದಿನ ಕೋರ್ಟಿನಿಂದ ಅಪ್ಪನಿಗೆ ಸಮನ್ಸ್ ಬಂತು. ಆಗ ದೊಡ್ಡ ಮೊಕದ್ದಮೆಗಳಿಗೆ ಜ್ಯೂರಿ ಇರುತ್ತಿತ್ತು. ಊರಿನ ಒಂಬತ್ತು ಜನ ಗೃಹಸ್ಥರನ್ನು ಚೀಟಿ ಎತ್ತಿ ಆರಿಸಿ, ಜಡ್ಜಿಯ ಪಕ್ಕದಲ್ಲಿ ಕೂರಿಸಿ, ಎಲ್ಲ ಕೇಳಿಸಿಕೊಂಡು ತಪ್ಪಿತಸ್ಥರೋ ಅಲ್ಲವೋ ಹೇಳಿ ಎನ್ನುತ್ತಿದ್ದರು. ಒಂಬತ್ತರಲ್ಲಿ ಆರು ಜನವಾದರೂ ಒಂದೇ ಮಾತು ಹೇಳಿದರೆ ತೀರ್ಪು. ಅಪ್ಪನ ಹೆಸರಿನ ಚೀಟಿ ಬಂದದ್ದು ಇದೇ ಕೊಲೆಯ ವಿಚಾರಣೆಗೆ.

ಮೊದಲ ದಿನ ಹೋಗಿಬಂದವರೇ ಬದಲಾದರು. ಈ ವಿಷಯ ಯಾರ ಹತ್ತಿರವೂ ಮಾತಾಡಕೂಡದು, ಯಾರು ಮಾತಾಡಿದರೂ ಕೇಳಕೂಡದು ಎಂದು ಜಡ್ಜಿ ಆಣೆ ಮಾಡಿಸಿದ್ದರಂತೆ. ಪತ್ರಿಕೆಯನ್ನು ಮಡಿಸಿದ ಹಾಗೆಯೇ ಕಪಾಟಿನ ಮೇಲಿಟ್ಟರು. ಬೆಳಗಿನ ಹೊತ್ತು ಮನೆ ಗಕ್ಕೆಂದು ನಿಂತಂತಾಯಿತು. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದು ಹೊರಬಾಗಿಲವರೆಗೆ ಹೋಗಿ, ಏನೋ ಮರೆತವರಂತೆ ನಿಂತು, ಮತ್ತೆ ಬಂದು ಕೂರುತ್ತಿದ್ದರು.

ಅಮ್ಮನಿಗೆ ಮಾತ್ರ ಆ ಆಣೆಯ ತೂಕ ಗೊತ್ತಾಗಲಿಲ್ಲ. ಒಂದು ಸಂಜೆ ಹೂ ಕಟ್ಟುತ್ತ ಕೂತವಳು, ಅಪ್ಪ ಪಕ್ಕದಲ್ಲೇ ಶರಟಿಗೆ ಗುಂಡಿ ಹಾಕಿಕೊಳ್ಳುತ್ತಿರುವಾಗ, ತನ್ನಷ್ಟಕ್ಕೇ ಎಂಬಂತೆ ಹೇಳಿದಳು.

“ಕೊಲೆಯಾದದ್ದು ಗುರುವಾರ ಅಂತೆ. ಮಾರನೇ ದಿನ ಶುಕ್ರವಾರ. ಶುಕ್ರವಾರ ಬೆಳಿಗ್ಗೆ ನೆಲ ತೊಳೀದೇ ಇರೋ ಹೆಂಗಸು ಈ ಬೀದೀಲಿ ಯಾರಿದಾರೆ?”

ಅಪ್ಪ ತಿರುಗಿ ಕೂಡ ನೋಡಲಿಲ್ಲ. “ಕೋರ್ಟಿನ ಮಾತು ಮನೇಲಿ ಬೇಡ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಆ ವಾರ ಒಂದು ಬೆಳಿಗ್ಗೆ ನಾನು ಅಪ್ಪನ ಜೊತೆಯಲ್ಲೇ ರೈಲು ಹತ್ತಿದೆ. ನನ್ನ ಸ್ಕೂಲು ಎಗ್ಮೋರಿನಲ್ಲಿ. ಅವರು ಕೋರ್ಟಿಗೆ ಇನ್ನೂ ಮುಂದೆ ಹೋಗಬೇಕು. ಕೋಡಂಬಾಕ್ಕಂನಲ್ಲಿ ಹಾಡುವವನು ಹತ್ತಿದ. ಕಂಜಿರ ಬಡಿಯುತ್ತ, ಅವಳು ಗಂಡನಿಗೆ ಅನ್ನ ಬಡಿಸಿ ನಗುನಗುತ್ತ ಸಾವಿಗೆ ಕಳಿಸಿದಳು ಎಂದು ಹಾಡತೊಡಗಿದ. ಬೋಗಿಯ ತುಂಬ ಜನ ತಲೆದೂಗುತ್ತಿದ್ದರು. ಅಪ್ಪ ಎರಡು ಕೈಯನ್ನೂ ಕಿವಿಯ ಮೇಲಿಟ್ಟುಕೊಂಡರು. ಕೋಟು ತೊಟ್ಟ ಗೃಹಸ್ಥರೊಬ್ಬರು ಹಾಗೆ ಕೂತದ್ದನ್ನು ಕಂಡು ಜನ ನಕ್ಕರು. ನನಗೆ ನಾಚಿಕೆಯಾಯಿತು. ಮುಂದಿನ ಸ್ಟೇಷನ್ನಿನಲ್ಲಿ ಅವರು ಇಳಿದೇಬಿಟ್ಟರು. ನಾನೂ ಹಿಂದೆಯೇ ಇಳಿದೆ.

ಪ್ಲಾಟ್‌ಫಾರಂನಲ್ಲಿ ನಿಂತು ಅಪ್ಪ ಹೇಳಿದರು: “ಸಾಕ್ಷಿ ಇನ್ನೂ ಮುಗಿದಿಲ್ಲ ಮಗು. ಅಷ್ಟರಲ್ಲೇ ಊರೆಲ್ಲ ಹಾಡಾಗಿಹೋಗಿದೆ. ನಾನು ಯಾವ ಕಿವೀಲಿ ಕೇಳಲಿ?”

ಆ ಪುಸ್ತಕ ನನ್ನ ಚೀಲದಲ್ಲಿದೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಆದರೂ ಅವಳನ್ನು ಕಣ್ಣಾರೆ ನೋಡಬೇಕೆಂಬ ಆಸೆ ಹೋಗಲಿಲ್ಲ. ಒಂದು ದಿನ ಸ್ಕೂಲು ತಪ್ಪಿಸಿ, ಒಬ್ಬ ಗೆಳತಿಯನ್ನು ಕರೆದುಕೊಂಡು ಕೋರ್ಟಿಗೆ ಹೋದೆ. ಹೆಂಗಸರು ಊಟದ ಕ್ಯಾರಿಯರ್ ಹಿಡಿದು ಸಾಲಿನಲ್ಲಿ ನಿಂತಿದ್ದರು, ಮ್ಯಾಟಿನಿಗೆ ನಿಂತ ಹಾಗೆ. ಹೇಗೋ ನುಗ್ಗಿ ಒಳಗೆ ಹೋದೆವು. ಕಟಕಟೆಯಲ್ಲಿ ನಿಂತಿದ್ದವಳು ಸಣ್ಣ ಆಳು. ಅಮ್ಮನಿಗಿಂತ ಚಿಕ್ಕವಳು. ವಕೀಲರು ಯಾವಾಗಲೆಲ್ಲ ಅವಳ ಹೆಸರು ಹೇಳುತ್ತಿದ್ದರೋ ಆಗೆಲ್ಲ ಸೆರಗನ್ನು ಭುಜದ ಮೇಲೆ ಎಳೆದುಕೊಳ್ಳುತ್ತಿದ್ದಳು. ಮಿಕ್ಕ ಹೊತ್ತೆಲ್ಲ ಜ್ಯೂರಿಯ ಒಂಬತ್ತು ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಅವಳ ಕಣ್ಣು ಅಪ್ಪನ ಮೇಲೆ ಬಂದಾಗ ಅಪ್ಪ ತಲೆ ತಗ್ಗಿಸಿ ಮೊಣಕಾಲು ನೋಡಿಕೊಂಡರು. ನಾನು ಗೆಳತಿಯ ಕೈ ಹಿಡಿದೆಳೆದುಕೊಂಡು ಹೊರಗೆ ಬಂದುಬಿಟ್ಟೆ. ಹಾಡಿನ ಪುಸ್ತಕವನ್ನು ದಾರಿಯ ಚರಂಡಿಗೆ ಎಸೆದೆ.

ತೀರ್ಪಿನ ದಿನ ಅಪ್ಪ ಸಂಜೆ ಮನೆಗೆ ಬಂದವರು ನೇರ ಬಚ್ಚಲಿಗೆ ಹೋಗಿ, ಸಾವಿನ ಮನೆಯಿಂದ ಬಂದವರಂತೆ ತಲೆಗೆ ಸ್ನಾನ ಮಾಡಿದರು. ಮಾರನೆಯ ದಿನ ಪತ್ರಿಕೆಯಲ್ಲಿ ಎಲ್ಲ ಬಂತು. ಯುವಕನಿಗೆ ಗಲ್ಲು, ಅವನ ವಿಷಯದಲ್ಲಿ ಒಂಬತ್ತೂ ಜನ ಒಂದೇ ಮಾತು. ಹೆಂಗಸು ಕೊಲೆಯನ್ನು ತಿಳಿದೂ ಮುಚ್ಚಿಟ್ಟಳು ಎಂದು ಹೇಳಿದವರು ಆರು ಜನ, ಇಲ್ಲವೆಂದವರು ಮೂರು. ಅವಳಿಗೆ ಏಳು ವರ್ಷ.

ಆರರಲ್ಲಿ ಅಪ್ಪ ಇದ್ದರೋ ಮೂರರಲ್ಲಿ ಇದ್ದರೋ ಎಂದು ಬೀದಿಯೆಲ್ಲ ಕೇಳಿತು. ಆಫೀಸು ಕೇಳಿತು. ಅಮ್ಮ ಒಂದೇ ಸಲ ಕೇಳಿದಳು. ಅಪ್ಪ ಯಾರಿಗೂ ಹೇಳಲಿಲ್ಲ.

ಆ ಮೊಕದ್ದಮೆ ನಮ್ಮ ಮನೆಯಿಂದ ಒಬ್ಬರನ್ನು ಹೊರಗೆ ಹಾಕಿತು. ನಮ್ಮ ಮಹಡಿಯ ಕೋಣೆಯಲ್ಲಿ ಉಡುಪಿ ಕಡೆಯ ಒಬ್ಬರು ಒಳಬಾಡಿಗೆಗಿದ್ದರು, ಬ್ಯಾಂಕಿನಲ್ಲಿ ಗುಮಾಸ್ತರು, ಇನ್ನೂ ಮದುವೆಯಾಗಿರಲಿಲ್ಲ. ಅಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದರು. ನನಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅಮ್ಮ ಹುಳಿ ಮಾಡಿದ ದಿನ ಒಂದು ಬಟ್ಟಲು ಮೇಲಕ್ಕೆ ಹೋಗಲೇಬೇಕು. ಈ ಕೊಲೆಯಾದ ಮೇಲೆ ಮಾಂಬಲಂನಲ್ಲಿ ಒಂಟಿ ಗಂಡಸರಿಗೆ ಕೋಣೆ ಕೊಡುವವರೇ ಇಲ್ಲವಾದರು. ಇದ್ದವರನ್ನೂ ಬಿಡಿಸಿದರು. ಹಾಲು ಹಾಕುವವಳು ಅಮ್ಮನ ಮುಖಕ್ಕೇ, ಮೇಲಿನ ಮನುಷ್ಯ ಇನ್ನೂ ಇದ್ದಾನಾ ಎಂದು ಕೇಳಿದಳು. ಅಮ್ಮ ಆ ವಾರ ಬಟ್ಟಲು ಕಳಿಸಲಿಲ್ಲ. ಅವರಿಗೆ ಅರ್ಥವಾಯಿತು. ಭಾನುವಾರ ಕೆಳಗಿಳಿದು ಬಂದು ಬಾಗಿಲಾಚೆಯೇ ನಿಂತರು.

“ಅಕ್ಕ, ತಾಂಬರಂನಲ್ಲಿ ಒಂದು ರೂಮು ಉಂಟಂತೆ. ನಾನು ಅಲ್ಲಿಗೆ ಹೋಗ್ತೇನೆ. ನಿಮಗೆ ತೊಂದರೆ ಆಗುವುದು ಬೇಡ.”

ಅಮ್ಮ ಬೇಡ ಎನ್ನಲಿಲ್ಲ. ಅವರು ಟ್ರಂಕು ಹೊತ್ತು ಬೀದಿಯ ತಿರುವು ದಾಟುವವರೆಗೂ ಕಿಟಕಿಯ ಹಿಂದೆ ನಿಂತು ನೋಡಿದಳು. ಆಮೇಲೆ ಎರಡು ದಿನ ಸಣ್ಣದಕ್ಕೆಲ್ಲ ನನ್ನ ಮೇಲೆ ರೇಗಿದಳು.

ಅಪ್ಪನಿಗೆ ಒಂದು ಕಡೆ ಕೂರುವುದೇ ಆಗದೆ ಹೋಯಿತು. ಸಂಜೆ ಆಫೀಸಿನಿಂದ ಬಂದರೆ ಮತ್ತೆ ನಡೆಯಲು ಹೋಗುವರು. ಸೈದಾಪೇಟೆಯ ಸೇತುವೆಯವರೆಗೆ, ಕೆಲವು ದಿನ ಇನ್ನೂ ದೂರ. ಮನೆಗೆ ಬಂದವರು ಯಾರ ಬಗ್ಗೆಯಾದರೂ ಅವನು ಕಳ್ಳ, ಇವಳು ಸರಿಯಿಲ್ಲ ಎಂದರೆ ಎದ್ದು ಒಳಗೆ ಹೋಗುವರು. ಪತ್ರಿಕೆ ಮನೆಗೆ ಬರುತ್ತಿತ್ತು, ಆದರೆ ಗಟ್ಟಿಯಾಗಿ ಓದುವುದು ನಿಂತೇಹೋಯಿತು. ಅಮ್ಮನಿಗೆ ನಾನು ಓದಿ ಹೇಳತೊಡಗಿದೆ.

ಕೆಲವು ವರ್ಷಗಳ ಮೇಲೆ ಬೊಂಬಾಯಿಯ ಒಂದು ಕೊಲೆ ಮೊಕದ್ದಮೆ ದೇಶವನ್ನೆಲ್ಲ ಹಿಡಿದು ಅಲ್ಲಾಡಿಸಿತು. ಅಲ್ಲಿ ಕೊಂದವನು ದೊಡ್ಡ ಹುದ್ದೆಯ ಗಂಡಸು. ಜ್ಯೂರಿ ಅವನನ್ನು ತಪ್ಪಿತಸ್ಥನಲ್ಲ ಎಂದಿತು, ಜನ ಹಿಗ್ಗಿದರು. ಜಡ್ಜಿ ಒಪ್ಪಲಿಲ್ಲ. ಜ್ಯೂರಿ ಪದ್ಧತಿಯೇ ಬೇಡ ಎಂಬ ಕೂಗು ಎಲ್ಲ ಕಡೆ ಎದ್ದಿತು. ಹಾಗೆಯೇ ಒಂದೊಂದು ಕಡೆಯಾಗಿ ಅದು ಹೋಯಿತು. ನಾನು ಆಗ ಮದರಾಸಿನಲ್ಲೇ ಒಂದು ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದೆ. ಒಂದು ಮಧ್ಯಾಹ್ನ ಅಪ್ಪ, ಹೇಳದೆ ಕೇಳದೆ, ಶಾಲೆಗೇ ಬಂದರು. ಊಟದ ಬಿಡುವು. ಮಕ್ಕಳು ತಮಿಳಿನಲ್ಲಿ ಕೂಗಾಡುತ್ತ ಓಡುತ್ತಿದ್ದರು. ಖಾಲಿ ಕ್ಲಾಸಿನ ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು.

“ಮೊದಲು ಐದು ಜನ ಹೌದು ಅಂದ್ರು. ನಾಲ್ಕು ಜನ ಇಲ್ಲ ಅಂದ್ವಿ. ಆ ನಾಲ್ಕರಲ್ಲಿ ನಾನಿದ್ದೆ.”

ನಾನು ಎದುರಿನ ಬೆಂಚಿನಲ್ಲಿ ಕೂತೆ.

“ಐದು ಸಾಲದು, ಆರಾಗಬೇಕು. ಇಲ್ಲದಿದ್ರೆ ವಿಚಾರಣೆ ಮತ್ತೆ ಮೊದಲಿಂದ. ಎಲ್ಲರಿಗೂ ಸಾಕಾಗಿತ್ತು. ಎಲ್ಲರೂ ನನ್ನನ್ನೇ ನೋಡ್ತಿದ್ರು. ನಿಮ್ಮಮ್ಮ ಶುಕ್ರವಾರದ ಮಾತು ಹೇಳಿದ್ದಳಲ್ಲ, ಅದು ನಾಲಿಗೆ ತುದೀಲಿತ್ತು. ಹೆಂಡ್ತಿ ಹೇಳಿದ್ದನ್ನ ಇಲ್ಲಿ ತಂದ ಅಂತ ನಗ್ತಾರೆ ಅನ್ನಿಸ್ತು. ಆಣೆ ಬೇರೆ ಮುರಿದ ಹಾಗಾಗತ್ತೆ. ಹೌದು ಅಂತ ಕೈ ಎತ್ತಿಬಿಟ್ಟೆ.”

“ಅವಳಿಗೆ ಗೊತ್ತಿತ್ತಾ ಅಪ್ಪ?”

“ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಬಿಡಬೇಕು. ಜಡ್ಜಿ ಅದನ್ನ ಬಿಡಿಸಿ ಬಿಡಿಸಿ ಹೇಳಿದ್ರು.”

ಗಂಟೆ ಹೊಡೆಯಿತು. ಅಪ್ಪ ಕೊಡೆ ತೆಗೆದುಕೊಂಡು ಎದ್ದರು. ಅಂದು ಸಂಜೆ ಅಮ್ಮನಿಗೂ ಹೇಳಿದರು. “ನಾನು ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿತ್ತು ಅನ್ನಿ” ಎಂದಷ್ಟೇ ಹೇಳಿದ ಅಮ್ಮ, ಹೊತ್ತು ಹೊತ್ತಿಗೆ ತಟ್ಟೆ ಹಾಕುವುದೊಂದು ಬಿಟ್ಟರೆ ಒಂದು ವಾರ ಅವರ ತಂಟೆಗೇ ಹೋಗಲಿಲ್ಲ.

ಆ ಹೆಂಗಸು ಜೈಲಿನಿಂದ ಬಿಡುಗಡೆಯಾದ ಸುದ್ದಿ ಯಾವ ಪತ್ರಿಕೆಯಲ್ಲೂ ಬಂದಂತಿಲ್ಲ, ನಾನು ಹುಡುಕಿದ್ದೆ. ಅಪ್ಪ ಅವಳ ವಕೀಲರ ಗುಮಾಸ್ತರನ್ನು ಹಿಡಿದು ವಿಳಾಸ ಪತ್ತೆ ಮಾಡಿದರು. ಮಾಧವರಂ ಕಡೆ ಅಣ್ಣನ ಮನೆಯಲ್ಲಿದ್ದಾಳೆ ಎಂದು ತಿಳಿಯಿತು. ಅಪ್ಪ ಒಬ್ಬರೇ ಹೋಗುವುದು ಬೇಡವೆಂದು ಅಮ್ಮ ನನ್ನನ್ನು ಜೊತೆಗೆ ಕಳಿಸಿದಳು. ಎರಡು ಬಸ್ಸು ಬದಲಾಯಿಸಿ, ಹಾಲಿನ ಡೈರಿಯಾಚೆ ಇಳಿದು, ಕೇಳುತ್ತ ಕೇಳುತ್ತ ಹೋದೆವು. ವಿಳಾಸ ಹೇಳಿದ ತಕ್ಷಣ ಜನ ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಅವಳು ಹಿತ್ತಲಲ್ಲಿ ಹಾಲಿನ ಪಾತ್ರೆ ಬೆಳಗುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು. ಅಪ್ಪ ತಮ್ಮ ಮುರುಕು ತಮಿಳಿನಲ್ಲಿ, ಒಂಬತ್ತು ಜನರಲ್ಲಿ ನಾನೊಬ್ಬ ಎಂದರು. ಅವಳು ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, “ಎದುಕ್ಕು ವಂದೀಂಗ” ಎಂದಳು. ಯಾಕೆ ಬಂದಿರಿ ಎಂದು.

ಅಪ್ಪ ಹೇಳಿದರು, ಎಲ್ಲವನ್ನೂ. ನಡುನಡುವೆ ತಮಿಳು ಸಿಕ್ಕದಾಗ ಕನ್ನಡಕ್ಕೆ ಹೊರಳುತ್ತಿದ್ದರು. ಅದನ್ನು ನಾನು ತಮಿಳಿಗೆ ತಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಕೊನೆಗೆ ಹೇಳಿದ ಮಾತಿನ ಅರ್ಥ ಇಷ್ಟು: “ಇದನ್ನ ನನಗೆ ಯಾಕೆ ಹೇಳ್ತೀರಿ? ನನಗೆ ಗೊತ್ತಿರೋದೇ ಅಲ್ವಾ. ಹೇಳೋದಾದ್ರೆ ಬೀದೀಲಿ ಹೇಳಿ. ಅಲ್ಲಿ ನಾನು ನೀರು ಹಿಡಿಯೋಕೆ ಹೋದ್ರೆ ಕೊಡ ಸರಿಸ್ತಾರೆ.”

ಅಪ್ಪ ಹೋದರು. ಬೀದಿಯ ನಲ್ಲಿಯ ಬಳಿ ಏಳೆಂಟು ಹೆಂಗಸರು ಕೊಡಗಳ ಜೊತೆ ಕೂತಿದ್ದರು. ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ಅವರ ಮುಂದೆ ನಿಂತು ಅದೇ ಮುರುಕು ತಮಿಳಿನಲ್ಲಿ ಹೇಳಿದರು. ಆ ಮನೆಯ ಹೆಂಗಸನ್ನು ಜೈಲಿಗೆ ಕಳಿಸಿದವರಲ್ಲಿ ನಾನೊಬ್ಬ, ನನಗೆ ಖಾತ್ರಿ ಇರಲಿಲ್ಲ, ಆದರೂ ಕಳಿಸಿದೆ, ತಪ್ಪು ನನ್ನದು ಎಂದರು. ಅವರಲ್ಲಿ ಕೆಲವರು ಮುಖಮುಖ ನೋಡಿಕೊಂಡರು. ಒಬ್ಬಳು ಮಾತ್ರ, ಖಾತ್ರಿ ಇಲ್ಲದ ಮೇಲೆ ಕೈ ಯಾಕೆ ಎತ್ತಿದಿರಿ ಸಾರ್ ಎಂದು ಕೇಳಿದಳು. ಅಪ್ಪ ಕೊಡೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು. ನಾನು ಅವರ ತೋಳು ಹಿಡಿದು ಬಸ್ಸಿನ ಕಡೆಗೆ ಕರೆತಂದೆ.

ಇದರಿಂದ ಆ ಬೀದಿಯಲ್ಲಿ ಏನಾದರೂ ಬದಲಾಯಿತೋ ಇಲ್ಲವೋ ನನಗೆ ತಿಳಿಯದು. ಇನ್ನು ಬರಬೇಡಿ ಎಂದು ಅವಳ ಅಣ್ಣ ಒಂದು ಕಾರ್ಡು ಬರೆದರು, ನಾವು ಹೋಗಲಿಲ್ಲ. ಅಪ್ಪನಿಗೆ ನೆಮ್ಮದಿ ಸಿಕ್ಕಿತು ಎಂದರೂ ಸುಳ್ಳಾಗುತ್ತದೆ. ಮೊದಲಿನ ಹಾಗೆಯೇ ಸಂಜೆಯಾದರೆ ನಡೆಯಲು ಹೊರಡುತ್ತಿದ್ದರು. ಒಂದು ವ್ಯತ್ಯಾಸವಿತ್ತು. ಕೆಲವು ದಿನ ಅಮ್ಮನೂ ಸೀರೆ ಬದಲಾಯಿಸಿ ಅವರ ಜೊತೆ ಹೊರಡುತ್ತಿದ್ದಳು. ಅಪ್ಪನದು ಬಿರುಸು ನಡಿಗೆ, ಅಮ್ಮ ನಾಲ್ಕು ಹೆಜ್ಜೆ ಹಿಂದೆ ಉಳಿಯುತ್ತಿದ್ದಳು; ನಿಧಾನ ಮಾಡಿ ಎಂದು ಅವಳೂ ಹೇಳಲಿಲ್ಲ, ಅಪ್ಪನಿಗೂ ಹೊಳೆಯಲಿಲ್ಲ.